ಹಲ್ಲಿನಿಂದ ಹೆಸರು: ಅಳಿದುಹೋದ ಶಾರ್ಕ್ ಮೀನುಗಳೂ ನಮ್ಮ ಪರೀಕ್ಷೆಯ ಅಂಕಗಳೂ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಬರೆಯುವ ಲೇಖನದಲ್ಲಿ ಕಟ್ಟಡ ನಿಧಿಯ ಲೆಕ್ಕ, ಪರೀಕ್ಷೆಯ ಫಲಿತಾಂಶ, ಪೋಷಕರಿಗೆ ವಂದನೆ ಇವುಗಳೇ ಇರತಕ್ಕದ್ದೆಂದು ವಾಚಕರು ಎದುರುನೋಡುವುದು ಸಹಜವು. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ, ಈ ಕೆಲವು ಪುಟಗಳಲ್ಲಿ ಎರಡು ಹಲ್ಲುಗಳ ವಿಷಯವನ್ನು ಬರೆಯಲು ಅಪ್ಪಣೆ ಬೇಡುತ್ತೇನೆ. ಹಲ್ಲುಗಳು ಮನುಷ್ಯರವಲ್ಲ, ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಶಾರ್ಕ್ ಮೀನುಗಳವು. ಅವುಗಳ ನಿಮಿತ್ತವಾಗಿ ನಾನು ಒಬ್ಬ ಬಾಲಿಕೆಗೆ ಅನ್ಯಾಯ ಮಾಡಿದೆನು. ಆ ಅನ್ಯಾಯದಿಂದ ನನಗೆ ತೋರಿಬಂದ ಒಂದು ಅಭಿಪ್ರಾಯವನ್ನು ನಮ್ಮ ಉಪಾಧ್ಯಾಯಿನಿಯರ ಮುಂದೆಯೂ ತಾಯಿತಂದೆಗಳ ಮುಂದೆಯೂ ಇಡುವುದೇ ಈ ಬರವಣಿಗೆಯ ಉದ್ದೇಶವು.

ನಮ್ಮ ವಿಜ್ಞಾನದ ಕೊಠಡಿಯ ಗಾಜಿನ ಬೀರುವಿನಲ್ಲಿ ಶಂಖ, ಕಪ್ಪೆಚಿಪ್ಪು, ಹಕ್ಕಿಯ ಗೂಡು ಮುಂತಾದವುಗಳ ನಡುವೆ ಮಖಮಲ್ಲಿನ ಪೆಟ್ಟಿಗೆಯೊಂದಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಪರದೇಶದಿಂದ ಹಿಂದಿರುಗುವಾಗ ಯಾವುದೋ ಅಂಗಡಿಯಲ್ಲಿ ಕೊಂಡು ತಂದು, ಶಾಲೆಯ ಮೇಲಣ ಪ್ರೀತಿಯಿಂದ ಕೊಟ್ಟ ಹಲ್ಲು ಅದರಲ್ಲಿದೆ. ಅದು ನನ್ನ ಅಂಗೈಯ ಅರ್ಧದಷ್ಟು ದೊಡ್ಡದು. ಪೆಟ್ಟಿಗೆಯ ಮೇಲೆ ‘ಮೆಗಲೊಡಾನ್’ ಎಂದು ಅಚ್ಚಾದ ಚೀಟಿಯಿತ್ತು. ಸಮುದ್ರದಲ್ಲಿ ಇದುವರೆಗೆ ಬಾಳಿದ ಶಾರ್ಕ್ ಮೀನುಗಳಲ್ಲೆಲ್ಲ ಅತಿ ದೊಡ್ಡದರ ಹೆಸರು ಅದು. ಶಾಲೆಗೆ ಬರುವ ಅತಿಥಿಗಳಿಗೆಲ್ಲ ನಾನು ಆ ಪೆಟ್ಟಿಗೆಯನ್ನು ಹೆಮ್ಮೆಯಿಂದ ತೆರೆದು ತೋರಿಸುತ್ತಿದ್ದೆನು.

ಎರಡನೆಯ ಹಲ್ಲು ಬಂದುದು ಬೆಂಕಿಪೆಟ್ಟಿಗೆಯಲ್ಲಿ. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಬೇಸಗೆಯ ರಜದಲ್ಲಿ ತಾಯಿಯ ತವರಾದ ತಮಿಳುನಾಡಿನ ಅರಿಯಲೂರು ಸೀಮೆಯ ಹಳ್ಳಿಗೆ ಹೋಗಿದ್ದಾಗ, ಮಳೆ ನಿಂತ ಮೇಲೆ ಹೊಲದ ಪಕ್ಕದ ಕೊರಕಲಿನಲ್ಲಿ ಅದನ್ನು ಹೆಕ್ಕಿ, ಹತ್ತಿಯ ಮೇಲಿಟ್ಟು ತಂದಿದ್ದಳು. ಅದು ಕಿರುಬೆರಳಿನ ಉಗುರಿನಷ್ಟು ಚಿಕ್ಕದು. ಬೇರಿನ ಒಂದು ಭಾಗ ಮುರಿದುಹೋಗಿದೆ. ಆದರೆ ಪೆಟ್ಟಿಗೆಯ ಒಳಮುಚ್ಚಳದಲ್ಲಿ ಆಕೆ ಪೆನ್ಸಿಲಿನಿಂದ ಹಳ್ಳಿಯ ಹೆಸರನ್ನೂ, ತಾರೀಖನ್ನೂ, ಕೊರಕಲು ಬಾವಿಯಿಂದ ಎಷ್ಟು ಹೆಜ್ಜೆ ದೂರವೆಂಬುದನ್ನೂ ಬರೆದಿದ್ದಳು. ನಾನು ಮೆಚ್ಚಿ ತಲೆಯಾಡಿಸಿ, ಅದನ್ನು ಮಖಮಲ್ಲಿನ ಪೆಟ್ಟಿಗೆಯ ಹಿಂದೆ ಇರಿಸಿದೆನು.

ಅರ್ಧವಾರ್ಷಿಕ ಪರೀಕ್ಷೆಯ ಕಾಲಕ್ಕೆ ವಿಜ್ಞಾನದ ಉಪಾಧ್ಯಾಯಿನಿಯವರು ರಜದಲ್ಲಿದ್ದುದರಿಂದ ಪ್ರಾಯೋಗಿಕ ಪರೀಕ್ಷೆಯನ್ನು ನಾನೇ ನಡೆಸಬೇಕಾಯಿತು. ಎರಡು ಹಲ್ಲುಗಳನ್ನೂ ಮೇಜಿನ ಮೇಲೆ ಇಟ್ಟು, ‘ಇವು ಯಾವ ಪ್ರಾಣಿಯ ಹಲ್ಲುಗಳು? ಹೆಸರನ್ನು ಬರೆಯಿರಿ’ ಎಂದು ಪ್ರಶ್ನೆ ಕೊಟ್ಟೆನು. ಬಹುಮಂದಿ ಬಾಲಿಕೆಯರು ಬೀರುವಿನ ಚೀಟಿಯನ್ನು ನೆನಪಿನಿಂದ ಬರೆದು ಅಂಕಗಳನ್ನು ಪಡೆದರು. ಬೆಂಕಿಪೆಟ್ಟಿಗೆಯ ಬಾಲಿಕೆಯು ಮಾತ್ರ ಬೇರೆ ಬರೆದಿದ್ದಳು. ಮೊದಲನೆಯ ಹಲ್ಲಿಗೆ, ‘ಇದು ಮೆಗಲೊಡಾನ್ ಅಲ್ಲವೆಂದು ತೋರುತ್ತದೆ, ಅಂಚಿನಲ್ಲಿ ಗರಗಸವಿಲ್ಲ, ಎರಡು ಪಕ್ಕಗಳಲ್ಲಿಯೂ ಮರಿಮೊನೆಗಳಿವೆ’ ಎಂದಿದ್ದಳು. ಎರಡನೆಯದಕ್ಕೆ, ‘ಶಾರ್ಕ್ ಮೀನಿನದು. ಬೇರು ಮುರಿದಿರುವುದರಿಂದ ಪ್ರಭೇದವನ್ನು ಹೇಳಲಾಗುವುದಿಲ್ಲ’ ಎಂದಿದ್ದಳು. ನಾನು ಎರಡಕ್ಕೂ ಸೊನ್ನೆ ಹಾಕಿದೆನು. ಮೊದಲನೆಯದು ತಪ್ಪೆಂದೂ, ಎರಡನೆಯದು ಉತ್ತರವೇ ಅಲ್ಲವೆಂದೂ ಆಗ ನನ್ನ ಎಣಿಕೆಯಾಗಿದ್ದಿತು.

ಮರುದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಆಕೆ ನನ್ನ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. “ಮಿಸ್, ಅಂಕ ಕೇಳುವುದಕ್ಕೆ ಬಂದಿಲ್ಲ. ಆ ದೊಡ್ಡ ಹಲ್ಲಿನ ಅಂಚನ್ನು ತಾವು ಒಂದು ಸಲ ಬೆರಳಿನಿಂದ ಮುಟ್ಟಿ ನೋಡಬೇಕು” ಎಂದಳು. ಬೀರುವನ್ನು ತೆರೆದು ಮುಟ್ಟಿ ನೋಡಿದೆನು. ಅಂಚು ನುಣುಪಾಗಿದ್ದಿತು. ಮೆಗಲೊಡಾನಿನ ಹಲ್ಲಿನ ಅಂಚು ಸಣ್ಣ ಗರಗಸದಂತೆ ಇರುವುದೆಂದು ಎರಡು ತಿಂಗಳ ಹಿಂದೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದವಳು ನಾನೇ. ನಾಲ್ಕು ವರ್ಷಗಳ ಕಾಲ ಅತಿಥಿಗಳಿಗೆ ಆ ಹಲ್ಲನ್ನು ತೋರಿಸುತ್ತ ಬಂದ ನಾನು ಒಮ್ಮೆಯೂ ಅದರ ಅಂಚನ್ನು ಮುಟ್ಟಿರಲಿಲ್ಲ; ಚೀಟಿಯನ್ನು ಮಾತ್ರ ಓದಿದ್ದೆನು.

ಈ ವಿಷಯವು ನಮ್ಮ ಹೇರೋಹಳ್ಳಿಯ ಮಕ್ಕಳಿಗೆ ಏಕೆ ಹೊಸದೆಂಬುದನ್ನು ಮೊದಲು ತಿಳಿಸಬೇಕು. ಶಿಲಾವಶೇಷವೆಂದೂ ಪಳೆಯುಳಿಕೆಯೆಂದೂ ಕರೆಯಲ್ಪಡುವ ವಸ್ತುಗಳು ನಮ್ಮ ನೆಲದಲ್ಲಿ ದೊರೆಯುವುದಿಲ್ಲ. ಮಾಗಡಿ ರಸ್ತೆಯ ಇಕ್ಕೆಲಗಳಲ್ಲಿ ಮನೆಗಳಿಗಾಗಿ ಅಡಿಪಾಯ ತೋಡುವಾಗ ಮೇಲೆ ಬರುವ ಬಂಡೆಯೂ, ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯೂ ಒಂದೇ ಮನೆತನದವು. ಇವುಗಳಿಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರು. ಇವುಗಳ ವಯಸ್ಸು ೨೫೦ ಕೋಟಿ ವರ್ಷಗಳಿಗೂ ಮೀರಿದುದು. ಶಾರ್ಕ್ ಮೀನುಗಳ ವಂಶದ ಕುರುಹುಗಳಾದರೋ ಸುಮಾರು ೪೫ ಕೋಟಿ ವರ್ಷಗಳಿಂದ ಈಚೆಗೆ ಮಾತ್ರ ಕಾಣುತ್ತವೆ. ಹೀಗಿರಲಾಗಿ, ಮೀನೆಂಬುದು ಲೋಕದಲ್ಲಿ ಹುಟ್ಟುವುದಕ್ಕೆ ಸುಮಾರು ೨೦೦ ಕೋಟಿ ವರ್ಷ ಮೊದಲೇ ಗಟ್ಟಿಯಾದ ಕಲ್ಲಿನಲ್ಲಿ ಮೀನಿನ ಹಲ್ಲನ್ನು ಹುಡುಕುವುದೆಂತು? ನಮ್ಮ ಬಾಲಿಕೆಯರು ಇಂತಹ ಹಲ್ಲನ್ನು ನೋಡಬೇಕಾದರೆ ಅದು ಬೇರೆ ಊರಿನಿಂದಲೇ ಬರಬೇಕು. ಬರುವಾಗ ತನ್ನ ಊರಿನ ಹೆಸರನ್ನು ಜೊತೆಯಲ್ಲಿ ತರಬೇಕು.

ಇನ್ನು ಶಾರ್ಕ್ ಮೀನಿಗೂ ಹಲ್ಲಿಗೂ ಏನು ಸಂಬಂಧವೆಂದು ಕೇಳಬಹುದು. ಬಂಗಡೆ, ಬೂತಾಯಿ ಮುಂತಾದ ಮೀನುಗಳಿಗೆ ಮೂಳೆಯುಂಟು. ಶಾರ್ಕ್ ಮೀನಿನ ಅಸ್ಥಿಪಂಜರವು ಮೂಳೆಯದಲ್ಲ. ನಮ್ಮ ಕಿವಿಯ ಹಾಲೆಯಂತಹ ಮೃದ್ವಸ್ಥಿಯದು. ಮೀನು ಸತ್ತ ಮೇಲೆ ಅದು ಬೇಗನೆ ಕೊಳೆತುಹೋಗುವುದು. ಹಲ್ಲುಗಳು ಮಾತ್ರ ಗಟ್ಟಿಯಾದ ಹೊದಿಕೆಯುಳ್ಳವಾದುದರಿಂದ ಕೆಸರಿನಲ್ಲಿ ಹೂತು, ಖನಿಜಗಳನ್ನು ಹೀರಿ, ಕಲ್ಲಾಗಿ ಉಳಿಯುತ್ತವೆ. ಅಷ್ಟೇ ಅಲ್ಲದೆ, ನಮಗೆ ಹಾಲುಹಲ್ಲು ಒಂದೇ ಬಾರಿ ಉದುರಿದರೆ, ಶಾರ್ಕಿಗೆ ಜೀವಮಾನವೆಲ್ಲ ಹಲ್ಲುಗಳು ಉದುರುತ್ತಲೂ ಹುಟ್ಟುತ್ತಲೂ ಇರುತ್ತವೆ. ದವಡೆಯ ಒಳಗೆ ಸಾಲಿನ ಹಿಂದೆ ಸಾಲಾಗಿ ಹಲ್ಲುಗಳು ಸಿದ್ಧವಾಗಿರುವುವು; ಮುಂದಿನದು ಬಿದ್ದೊಡನೆ ಹಿಂದಿನದು ಮುಂದೆ ಬರುವುದು. ಒಂದೊಂದು ಮೀನು ತನ್ನ ಬಾಳಿನಲ್ಲಿ ಸಾವಿರಾರು ಹಲ್ಲುಗಳನ್ನು ಸಮುದ್ರದ ತಳದಲ್ಲಿ ಬಿಟ್ಟುಹೋಗುತ್ತದೆ. ಆದುದರಿಂದ ಅಳಿದುಹೋದ ಶಾರ್ಕ್‌ಗಳ ಚರಿತ್ರೆಯ ಬಹುಭಾಗವನ್ನು ಪಂಡಿತರು ಹಲ್ಲುಗಳಿಂದಲೇ ಓದಬೇಕಾಗಿದೆ.

ಆದರೆ ಇವು ಹಲ್ಲುಗಳೆಂಬುದು ತಿಳಿಯುವುದಕ್ಕೇ ಬಹುಕಾಲ ಹಿಡಿಯಿತು. ಅಪೊಸ್ತಲನಾದ ಪೌಲನು ಹಡಗು ಒಡೆದು ಮಾಲ್ಟಾ ದ್ವೀಪವನ್ನು ಸೇರಿದಾಗ ಅವನ ಕೈಗೆ ಹಾವು ಕಚ್ಚಿದರೂ ಕೇಡಾಗಲಿಲ್ಲವೆಂಬ ವೃತ್ತಾಂತವನ್ನು ನಮ್ಮ ಬಾಲಿಕೆಯರು ಅಪೊಸ್ತಲರ ಕೃತ್ಯಗಳ ೨೮ನೆಯ ಅಧ್ಯಾಯದಲ್ಲಿ ಓದಿರುವರು. ಆ ದ್ವೀಪದ ಸುಣ್ಣಕಲ್ಲಿನಲ್ಲಿ ತ್ರಿಕೋಣಾಕಾರದ ಕಲ್ಲುಗಳು ಹೇರಳವಾಗಿ ಸಿಕ್ಕುವುವು. ಪೌಲನ ಶಾಪದಿಂದ ಕಲ್ಲಾದ ಹಾವಿನ ನಾಲಗೆಗಳೇ ಇವೆಂದು ಜನರು ನಂಬಿ, ವಿಷವನ್ನು ಕಳೆಯುವುದಕ್ಕಾಗಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು, ಪಾನಪಾತ್ರೆಯಲ್ಲಿ ಅದ್ದುತ್ತಿದ್ದರು. ಸತ್ಯವೇದದಲ್ಲಿ ಹಾವಿನ ಸಂಗತಿಯುಂಟು. ಶಾಪದ ಮಾತಾಗಲಿ ನಾಲಗೆಯ ಮಾತಾಗಲಿ ಇಲ್ಲ. ಅದಕ್ಕೂ ಹಿಂದೆ ರೋಮಿನ ಪ್ಲಿನಿಯೆಂಬವನು ಇವು ಚಂದ್ರಗ್ರಹಣದಲ್ಲಿ ಆಕಾಶದಿಂದ ಬೀಳುವುವೆಂಬ ಹೇಳಿಕೆಯನ್ನು ಬರೆದಿಟ್ಟಿದ್ದನು.

೧೬೧೬ರಲ್ಲಿ ಇಟಲಿಯ ಫಾಬಿಯೋ ಕೊಲೊನ್ನಾ ಎಂಬವನು ಇವು ಶಾರ್ಕಿನ ಹಲ್ಲುಗಳೆಂದು ವಾದಿಸಿದನು. ೧೬೬೬ರಲ್ಲಿ ಲಿವೋರ್ನೋ ಪಟ್ಟಣದ ಸಮೀಪದಲ್ಲಿ ಬೆಸ್ತರು ದೊಡ್ಡ ಶಾರ್ಕೊಂದನ್ನು ಹಿಡಿದಾಗ, ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿ, ಡೆನ್ಮಾರ್ಕಿನವನಾದ ನಿಕೊಲಾಸ್ ಸ್ಟೆನೋ ಎಂಬ ವೈದ್ಯನ ಕೈಗೆ ಕೊಟ್ಟರು. ಆತನು ತಲೆಯನ್ನು ಕೊಯ್ದು, ಹಲ್ಲುಗಳನ್ನು ಎಣಿಸಿ, ನಾಲಗೆಗಲ್ಲುಗಳ ಪಕ್ಕದಲ್ಲಿಟ್ಟು, ಅಂಗಾಂಗವಾಗಿ ಹೋಲಿಸಿ ನೋಡಿ, ೧೬೬೭ರಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿದನು. ಬೆಟ್ಟದ ಕಲ್ಲಿನಲ್ಲಿ ಸಮುದ್ರದ ಹಲ್ಲು ಹೇಗೆ ಸೇರಿತೆಂಬ ಪ್ರಶ್ನೆಯನ್ನು ಹಿಡಿದುಹೋಗಿ, ಕೆಳಗಿನ ಪದರವು ಹಳೆಯದು, ಮೇಲಿನದು ಹೊಸದು ಎಂಬ ಭೂವಿಜ್ಞಾನದ ಮೂಲಸೂತ್ರವನ್ನು ೧೬೬೯ರಲ್ಲಿ ಹೇಳಿದವನೂ ಆತನೇ. ಮುಂದೆ ೧೬೭೭ರಲ್ಲಿ ಆತನು ಬಿಷಪ್ಪನಾದನು. ಕೋಟಿ ವರ್ಷಗಳ ಲೆಕ್ಕವನ್ನು ಮಿಷನ್ ಶಾಲೆಯಲ್ಲಿ ಹೇಳಿಕೊಡಬಹುದೇ ಎಂದು ನನ್ನನ್ನು ಆಗಾಗ ಕೇಳುವ ಹಿರಿಯರಿಗೆ ಈ ಸಂಗತಿಯನ್ನು ವಿನಯದಿಂದ ಅರಿಕೆ ಮಾಡುತ್ತೇನೆ.

ಹಲ್ಲೆಂದು ತಿಳಿದ ಮೇಲೆ, ಯಾರ ಹಲ್ಲೆಂದು ತಿಳಿಯುವ ಬಗೆ ಹೇಗೆ? ಹಲ್ಲಿನಲ್ಲಿ ಎರಡು ಭಾಗಗಳುಂಟು: ಹೊಳೆಯುವ ಕಿರೀಟ, ಮಾಸಲಾದ ಬೇರು. ಕಿರೀಟದ ಒಂದು ಮುಖವು ತುಟಿಯ ಕಡೆಗಿದ್ದು ಸಾಮಾನ್ಯವಾಗಿ ಚಪ್ಪಟೆಯಾಗಿರುವುದು. ನಾಲಗೆಯ ಕಡೆಯ ಮುಖವು ಉಬ್ಬಿರುವುದು. ಮೊದಲು ಈ ಎರಡನ್ನು ಗೊತ್ತುಮಾಡಿಕೊಳ್ಳಬೇಕು. ಅನಂತರ ಅಂಚನ್ನು ನೋಡಬೇಕು: ನುಣುಪೋ, ಕುಡುಗೋಲಿನ ಹಲ್ಲಿನಂತಿದೆಯೋ, ಹಾಗಿದ್ದರೆ ಆ ಹಲ್ಲುಗಳು ಸಮನಾಗಿವೆಯೋ, ಏರುಪೇರಾಗಿವೆಯೋ. ಮುಖ್ಯ ಮೊನೆಯ ಪಕ್ಕದಲ್ಲಿ ಮರಿಮೊನೆಗಳಿವೆಯೋ ಇಲ್ಲವೋ ಎಂಬುದು ಮೂರನೆಯದು. ಬೇರು ಎರಡಾಗಿ ಎಷ್ಟು ಕವಲೊಡೆದಿದೆ, ಅದರ ನಡುವೆ ರಕ್ತನಾಳಕ್ಕಾಗಿ ಗೀರುಂಟೋ, ಬೇರಿಗೂ ಕಿರೀಟಕ್ಕೂ ನಡುವೆ ಕಪ್ಪಾದ ಪಟ್ಟಿಯುಂಟೋ ಎಂಬಿವು ಆಮೇಲಿನವು. ಇಷ್ಟೂ ಆದ ಮೇಲೆ, ಅದು ಯಾವ ಪದರದಲ್ಲಿ ಸಿಕ್ಕಿತು, ಆ ಪದರದ ವಯಸ್ಸೆಷ್ಟು ಎಂಬುದನ್ನು ಕೂಡಿಸಿಕೊಂಡು ಹೆಸರಿನ ಕಡೆಗೆ ಹೋಗತಕ್ಕದ್ದು.

ಇಲ್ಲಿಯೂ ಮೋಸಹೋಗಲು ದಾರಿಗಳು ಬಹಳ. ನಾನು ಮಂಗಳೂರಿನಲ್ಲಿ ಉಪಾಧ್ಯಾಯಿನಿಯರ ತರಬೇತಿಯಲ್ಲಿದ್ದಾಗ, ನಮ್ಮ ಗುರುಗಳು ನಮ್ಮನ್ನು ಬೆಳಗಿನ ಜಾವದಲ್ಲಿ ಧಕ್ಕೆಗೆ ಕರೆದುಕೊಂಡು ಹೋಗಿ, ಮೀನುಗಾರರು ಇಳಿಸಿದ್ದ ಶಾರ್ಕಿನ ಬಾಯನ್ನು ಬಿಡಿಸಿ ತೋರಿಸಿದರು. ಮೇಲಿನ ದವಡೆಯ ಹಲ್ಲುಗಳು ಅಗಲವಾಗಿ ಗರಗಸದ ಅಂಚುಳ್ಳವಾಗಿದ್ದುವು. ಕೆಳದವಡೆಯವು ಸಪೂರವಾಗಿ ನೆಟ್ಟಗೆ ನಿಂತಿದ್ದುವು. “ಇವುಗಳನ್ನು ಬಿಡಿಬಿಡಿಯಾಗಿ ಕೊಟ್ಟಿದ್ದರೆ ಎಷ್ಟು ಮೀನುಗಳೆಂದು ಹೇಳುತ್ತಿದ್ದಿರಿ?” ಎಂದು ಅವರು ಕೇಳಲು, ನಾವೆಲ್ಲರೂ ಎರಡೆಂದು ಒಪ್ಪಿಕೊಂಡೆವು. ಒಂದೇ ಬಾಯಿಯ ನಡುವಿನ ಹಲ್ಲಿಗೂ ಕೊನೆಯ ಹಲ್ಲಿಗೂ, ಮರಿಯ ಹಲ್ಲಿಗೂ ಬಲಿತುದರ ಹಲ್ಲಿಗೂ ಭೇದವುಂಟು. ಹಿಂದಿನ ಪಂಡಿತರು ಒಂದೇ ಮೀನಿಗೆ ಹಲವು ಹೆಸರುಗಳನ್ನು ಕೊಟ್ಟುದೂ, ಅನಂತರದವರು ಅವುಗಳನ್ನು ಕೂಡಿಸಿದುದೂ ಈ ಕಾರಣದಿಂದಲೇ.

ಮೆಗಲೊಡಾನಿನ ಹೆಸರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಸ್ವಿಟ್ಜರ್‌ಲೆಂಡಿನ ಲೂಯಿ ಅಗಾಸಿ ಎಂಬ ವಿದ್ವಾಂಸನು ೧೮೩೩ರಿಂದ ೧೮೪೩ರವರೆಗೆ ಪಳೆಯುಳಿಕೆಯ ಮೀನುಗಳನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ೧೮ ಸೆಂಟಿಮೀಟರಿನವರೆಗೂ ಬೆಳೆಯುವ ಈ ಹಲ್ಲಿನಲ್ಲಿ ಗರಗಸದ ಅಂಚನ್ನು ಕಂಡು, ಈಗಲೂ ಬದುಕಿರುವ ಬಿಳಿಯ ಶಾರ್ಕಿನ ಕುಲವಾದ ಕಾರ್ಕರೊಡಾನಿನಲ್ಲಿಯೇ ಅದನ್ನು ಸೇರಿಸಿದನು. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಅನೇಕರು ಇದನ್ನು ಬಿಳಿಯ ಶಾರ್ಕಿನ ಪೂರ್ವಜನೆಂದು ನಂಬಿದ್ದರು. ಈಗಿನ ಬಹುಮಂದಿ ಪಂಡಿತರು ಹಾಗೆ ಒಪ್ಪುವುದಿಲ್ಲ. ಪೆರು ದೇಶದಲ್ಲಿ ದೊರೆತು ೨೦೧೨ರಲ್ಲಿ ಕಾರ್ಕರೊಡಾನ್ ಹಬ್ಬೆಲ್ಲಿ ಎಂದು ಹೆಸರು ಪಡೆದ ಶಾರ್ಕಿನ ಹಲ್ಲುಗಳಲ್ಲಿ ಗರಗಸವು ಆಗತಾನೇ ಮೂಡುತ್ತಿರುವಂತೆ ಕಾಣುವುದು. ಇದರಿಂದ, ಬಿಳಿಯ ಶಾರ್ಕು ನುಣುಪಾದ ಅಂಚಿನ ಬೇರೊಂದು ಮೀನಿನಿಂದ ಇಳಿದುಬಂದಿತೆಂದು ತಿಳಿಯಿತು. ಮೆಗಲೊಡಾನ್ ಆದರೋ ಒಟೋಡಸ್ ಎಂಬ ಕುಲಕ್ಕೆ ಸೇರಿದುದು. ಆ ಕುಲದ ಹಳೆಯ ಹಲ್ಲುಗಳಲ್ಲಿ ಅಂಚು ನುಣುಪು, ಪಕ್ಕದಲ್ಲಿ ಮರಿಮೊನೆಗಳು. ಕಾಲ ಕಳೆದಂತೆ ಗರಗಸ ಬಂದಿತು, ಮರಿಮೊನೆಗಳು ಮಾಯವಾದುವು. ಹೀಗೆ ಗರಗಸವು ಎರಡು ಮನೆತನಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತು. ಅಗಾಸಿಯು ನೋಡಿದುದು ಸುಳ್ಳಲ್ಲ; ಒಂದೇ ಲಕ್ಷಣವನ್ನು ನೆಚ್ಚಿದುದು ಸಾಲದೆ ಹೋಯಿತು.

ನಮ್ಮ ಮಖಮಲ್ಲಿನ ಪೆಟ್ಟಿಗೆಯ ಹಲ್ಲು ಈ ಕುಲದ ಅಜ್ಜಿಯೆನ್ನಬಹುದಾದ ಒಟೋಡಸ್ ಒಬ್ಲಿಕ್ವಸ್ ಎಂಬುದರ ಲಕ್ಷಣಗಳನ್ನೆಲ್ಲ ಹೊಂದಿದೆ. ಅದು ಸುಮಾರು ಐದಾರು ಕೋಟಿ ವರ್ಷಗಳ ಹಿಂದಿನದು. ಮೊರಾಕೋ ದೇಶದ ಫಾಸ್ಫೇಟ್ ಗಣಿಗಳಿಂದ ಇಂತಹ ಹಲ್ಲುಗಳು ರಾಶಿರಾಶಿಯಾಗಿ ಹೊರಬಂದು ಲೋಕದ ಅಂಗಡಿಗಳನ್ನೆಲ್ಲ ಸೇರುತ್ತವೆ. ನಮ್ಮದು ಅಲ್ಲಿಯದೇ ಇರಬಹುದು. ಆದರೆ ಚೀಟಿಯಲ್ಲಿ ಊರಿನ ಹೆಸರಿಲ್ಲದ ಮೇಲೆ ಹಾಗೆಂದು ಬರೆಯಲು ನನಗೆ ಅಧಿಕಾರವಿಲ್ಲ.

ಬೆಂಕಿಪೆಟ್ಟಿಗೆಯ ಹಲ್ಲಿನ ಊರಾದರೋ ಭೂವಿಜ್ಞಾನದಲ್ಲಿ ಹೆಸರಾದುದು. ತಿರುಚಿರಾಪಳ್ಳಿ, ಪೆರಂಬಲೂರು, ಅರಿಯಲೂರು ಸೀಮೆಗಳನ್ನು ಕ್ರಿಟೇಷಿಯಸ್ ಯುಗದಲ್ಲಿ ಸಮುದ್ರವು ಆವರಿಸಿಕೊಂಡಿತ್ತು. ಈಗ ಸಿಮೆಂಟಿಗಾಗಿ ಅಗೆಯುವ ಅಲ್ಲಿಯ ಸುಣ್ಣಕಲ್ಲು ಆ ಸಮುದ್ರದ ತಳವೇ. ಮದರಾಸಿನ ಸಿವಿಲ್ ಸರ್ವೀಸಿನಲ್ಲಿದ್ದ ಕೇ ಮತ್ತು ಕನ್ಲಿಫ್ ಎಂಬಿಬ್ಬರು ಈ ಸೀಮೆಯಿಂದಲೂ ಪುದುಚೇರಿಯ ಬಳಿಯಿಂದಲೂ ಪಳೆಯುಳಿಕೆಗಳನ್ನು ಕೂಡಿಸಿ ಲಂಡನ್ನಿಗೆ ಕಳುಹಿಸಿದರು. ಪುದುಚೇರಿಯ ಪದರಗಳ ಮೀನಿನ ಅವಶೇಷಗಳನ್ನು ಸರ್ ಫಿಲಿಪ್ ಎಗರ್ಟನ್ ೧೮೪೫ರಲ್ಲಿ ವರ್ಣಿಸಿದನು. ೨೦೧೧ರಲ್ಲಿ ಕಾರೈ ಎಂಬ ಪದರದ ಶಾರ್ಕಿನ ಹಲ್ಲುಗಳನ್ನು ಪರೀಕ್ಷಿಸಿದ ಭಾರತದ ಮತ್ತು ಹೊರದೇಶದ ಪಂಡಿತರು ಒಂದು ಹೊಸ ಪ್ರಭೇದಕ್ಕೆ ದಕ್ಷಿಣ ಭಾರತದ ನೆನಪಾಗಿ ‘ಡ್ವಾರ್ಡಿಯಸ್ ಸುದಿಂಡಿಕಸ್’ ಎಂದು ಹೆಸರಿಟ್ಟರು. ೨೦೧೨ರಲ್ಲಿ ಅದೇ ಸೀಮೆಯಿಂದ ಟೈಕೋಡಸ್ ಎಂಬುದರ ಹಲ್ಲು ವರ್ಣಿತವಾಯಿತು. ಇದು ಹರಿಯುವ ಹಲ್ಲಲ್ಲ. ಬೀಸುಕಲ್ಲಿನಂತೆ ಅರೆಯುವ, ಮೇಲೆ ಗೆರೆಗಳುಳ್ಳ ಹಲ್ಲು. ಇಂತಹ ಹಲ್ಲುಗಳು ಲೋಕಕ್ಕೆ ನೂರಾರು ವರ್ಷಗಳಿಂದ ಗೊತ್ತಿದ್ದರೂ, ಅವುಗಳ ಒಡೆಯನು ತೊರಕೆಯಂತಹ ಮೀನೋ, ಇನ್ನಾವುದೋ ಎಂಬುದು ವಿವಾದವಾಗಿಯೇ ಇದ್ದಿತು. ಮೆಕ್ಸಿಕೋ ದೇಶದ ವಲ್ಲೆಸಿಲ್ಲೋ ಎಂಬಲ್ಲಿ ಇಡೀ ದೇಹದ ಅಚ್ಚು ದೊರೆತು, ೨೦೨೪ರಲ್ಲಿ ಅದರ ವರ್ಣನೆ ಪ್ರಕಟವಾದ ಮೇಲೆಯೇ ಅದು ಬಿಳಿಯ ಶಾರ್ಕಿನ ಗಣಕ್ಕೆ ಸೇರಿದ, ವೇಗವಾಗಿ ಈಜುವ ಮೀನೆಂದು ತಿಳಿದುಬಂದಿತು.

ಇದೆಲ್ಲದರಲ್ಲಿ ನನ್ನ ಮನಸ್ಸನ್ನು ಹಿಡಿದ ಸಂಗತಿಯೊಂದುಂಟು. ಪಳೆಯುಳಿಕೆಗಳನ್ನು ವರ್ಣಿಸುವ ವಿದ್ವಾಂಸರಲ್ಲಿ ಸಂಶಯಕ್ಕೆ ಗೌರವದ ಸ್ಥಾನವಿದೆ. ಕುಲವು ತಿಳಿದು ಪ್ರಭೇದವು ತಿಳಿಯದಿದ್ದರೆ, ಕುಲದ ಹೆಸರಿನ ಮುಂದೆ ‘ಎಸ್‌ಪಿ.’ ಎಂದು ಬರೆದು ನಿಲ್ಲಿಸುತ್ತಾರೆ. ಗೊತ್ತಾದ ಒಂದು ಪ್ರಭೇದವನ್ನು ಹೋಲುತ್ತದೆ, ಆದರೆ ಖಚಿತವಲ್ಲ ಎಂದಾಗ ‘ಸಿಎಫ್.’ ಎಂದು ಬರೆಯುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಹೋಲಿಸಿ ನೋಡು’ ಎಂದು ಅರ್ಥ. ಹಾಗೆ ಬರೆದವರನ್ನು ಅರಿಯದವರೆಂದು ಯಾರೂ ಹೀಯಾಳಿಸುವುದಿಲ್ಲ. ತಿಳಿದುದರ ಎಲ್ಲೆಯನ್ನು ತೋರಿಸಿದುದಕ್ಕಾಗಿ ಮುಂದಿನವರು ಅವರನ್ನು ನೆಚ್ಚುತ್ತಾರೆ. ಲೋಕದ ವಿದ್ವತ್ಸಭೆಯಲ್ಲಿ ಮರ್ಯಾದೆ ಪಡೆಯುವ ಉತ್ತರಕ್ಕೆ ಹೇರೋಹಳ್ಳಿಯ ನಮ್ಮ ಶಾಲೆಯಲ್ಲಿ ನಾನು ಸೊನ್ನೆ ಕೊಟ್ಟಿದ್ದೆನು.

ಆದುದರಿಂದ ನನ್ನ ಅಭಿಪ್ರಾಯವಿದು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ನಿಯಮಗಳು ನಮ್ಮ ಕೈಯಲ್ಲಿಲ್ಲ. ಆದರೆ ಶಾಲೆಯೊಳಗಣ ಪರೀಕ್ಷೆಗಳು ನಮ್ಮವೇ. ಅವುಗಳಲ್ಲಿ, ‘ಇಷ್ಟು ತಿಳಿಯಿತು, ಇದಕ್ಕಿಂತ ಮುಂದೆ ತಿಳಿಯದು, ಕಾರಣವಿದು’ ಎಂದು ಬರೆದ ಬಾಲಿಕೆಗೆ ಪೂರ್ಣ ಅಂಕಗಳು ದೊರೆಯಬೇಕು. ನೋಡದೆ ಹೆಸರನ್ನು ಬರೆದವಳಿಗೆ, ಹೆಸರು ಸರಿಯಾಗಿದ್ದರೂ, ಅರ್ಧ ಅಂಕಗಳೇ ಸಾಕು.

ನಮ್ಮ ಉಪಾಧ್ಯಾಯಿನಿಯರಲ್ಲಿ ಕೆಲವರು ಇದಕ್ಕೆ ಆಕ್ಷೇಪಿಸಿದ್ದಾರೆ. ಹೀಗೆ ಮಾಡಿದರೆ ಪಾಠ ಓದದ ಮಕ್ಕಳೆಲ್ಲರೂ ‘ತಿಳಿಯದು’ ಎಂದು ಬರೆದು ಅಂಕ ಕೇಳುವರೆಂಬುದು ಅವರ ಭಯ. ಭಯವು ಸಹಜವಾದುದು, ಆದರೆ ‘ನನಗೆ ತಿಳಿಯದು’ ಎಂಬುದೂ ‘ಇದರಿಂದ ತಿಳಿಯಲಾಗದು’ ಎಂಬುದೂ ಒಂದೇ ಅಲ್ಲ. ಮೊದಲನೆಯದಕ್ಕೆ ಓದು ಬೇಡ. ಎರಡನೆಯದನ್ನು ಬರೆಯಬೇಕಾದರೆ, ಪ್ರಭೇದವನ್ನು ಗುರುತಿಸಲು ಬೇರು ಬೇಕೆಂಬುದು ಗೊತ್ತಿರಬೇಕು, ಬೇರು ಮುರಿದಿರುವುದನ್ನು ಕಂಡಿರಬೇಕು, ಉಳಿದ ಲಕ್ಷಣಗಳು ಸಾಲವೆಂದು ತೂಗಿರಬೇಕು. ಕಾರಣವನ್ನು ಕೇಳಿದೊಡನೆ ಸೋಮಾರಿಯೂ ಶ್ರದ್ಧಾವಂತೆಯೂ ಬೇರೆ ಬೇರೆಯಾಗಿ ನಿಲ್ಲುವರು. ಇಂತಹ ಉತ್ತರಗಳನ್ನು ತಿದ್ದುವುದಕ್ಕೆ ಹೊತ್ತು ಹೆಚ್ಚು ಬೇಕೆಂಬ ಮಾತು ಮಾತ್ರ ನಿಜ. ಆ ಹೊತ್ತನ್ನು ಕೊಡತಕ್ಕವರು ನಾವು.

ಇನ್ನು ಪೋಷಕರ ಮಾತು. ‘ನಮ್ಮ ಹುಡುಗಿಗೆ ಶಾರ್ಕಿನ ಹಲ್ಲಿನಿಂದ ಏನು ಪ್ರಯೋಜನ?’ ಎಂದು ಒಬ್ಬ ತಂದೆಯವರು ನನ್ನನ್ನು ಕೇಳಿದರು. ಪೀಣ್ಯದ ಕಾರ್ಖಾನೆಯಲ್ಲಿ ದುಡಿದು, ಶುಲ್ಕದ ಹಣವನ್ನು ಕಷ್ಟದಿಂದ ಕೂಡಿಸಿ ತರುವವರ ಬಾಯಿಂದ ಬಂದ ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ನಾನು ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ನಮ್ಮ ಶಾಲೆಯಿಂದ ಹೊರಟ ಬಾಲಿಕೆಯರಲ್ಲಿ ಅನೇಕರು ದಾದಿಯರಾಗಿದ್ದಾರೆ. ರಾತ್ರಿಯ ಪಾಳಿಯಲ್ಲಿ ಸೀಸೆಯ ಮೇಲಿನ ಚೀಟಿ ಒಂದು, ಒಳಗಿನ ಔಷಧದ ಬಣ್ಣ ಇನ್ನೊಂದು ಎಂದು ಕಂಡಾಗ, ‘ಇದು ನನಗೆ ಖಚಿತವಿಲ್ಲ, ಇನ್ನೊಮ್ಮೆ ಕೇಳಿ ಬರುತ್ತೇನೆ’ ಎನ್ನುವ ದಾದಿಯು ಒಂದು ಪ್ರಾಣವನ್ನು ಉಳಿಸುವಳು. ಚೀಟಿಯನ್ನು ಓದಿ ಸೂಜಿ ಹಾಕುವವಳು ಉಳಿಸಲಾರಳು. ಬ್ಯಾಂಕಿನ ಲೆಕ್ಕದಲ್ಲಾಗಲಿ, ಮದುವೆಯ ಮಾತುಕತೆಯಲ್ಲಾಗಲಿ, ಕೈಯಿಂದ ಕೈಗೆ ಬರುವ ಸುದ್ದಿಯಲ್ಲಾಗಲಿ, ಹೆಸರನ್ನು ಬಿಟ್ಟು ವಸ್ತುವನ್ನು ಮುಟ್ಟಿ ನೋಡುವ ಅಭ್ಯಾಸವು ಹೆಣ್ಣುಮಕ್ಕಳಿಗೆ ಬೇಕಾದಷ್ಟು ಇನ್ನಾರಿಗೆ ಬೇಕು? ಅವರಿಗೆ ಬಾಲ್ಯದಿಂದಲೂ ಹೇಳಿಕೊಡುವುದು, ಹಿರಿಯರು ಅಂಟಿಸಿದ ಚೀಟಿಯನ್ನು ಓದಿ ಸುಮ್ಮನಿರುವುದನ್ನೇ ಅಲ್ಲವೇ? ಆ ತಂದೆಯವರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಕಲಿಸಿರಿ, ಅಮ್ಮಾ, ಆದರೆ ಗಣಿತವನ್ನೂ ಬಿಡಬೇಡಿರಿ” ಎಂದರು. ಅವರ ಮಾತೂ ನ್ಯಾಯವಾದುದೇ.

ತಪ್ಪನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಾಗಲಿಲ್ಲವೆಂದು ಹೇಳಲೇಬೇಕು. ಎರಡು ದಿನ ಸುಮ್ಮನಿದ್ದೆನು. ಮುಖ್ಯೋಪಾಧ್ಯಾಯಿನಿಯ ಮಾತು ಒಂಬತ್ತನೆಯ ತರಗತಿಯ ಹುಡುಗಿಯ ಮುಂದೆ ಬಿದ್ದುಹೋದರೆ ಶಾಲೆಯ ಶಿಸ್ತು ಏನಾದೀತೆಂದು ಮನಸ್ಸು ವಾದಿಸಿತು. ಮೂರನೆಯ ದಿನ ಬೆಳಗಿನ ಪ್ರಾರ್ಥನೆಯ ಸಭೆಯಲ್ಲಿ ಹಲ್ಲನ್ನು ಕೈಯಲ್ಲಿ ಹಿಡಿದು, ನಡೆದುದನ್ನು ನಡೆದಂತೆ ಹೇಳಿ, ಆ ಬಾಲಿಕೆಯ ಅಂಕಗಳನ್ನು ತಿದ್ದಿದೆನು. ಶಿಸ್ತಿಗೆ ಏನೂ ಆಗಲಿಲ್ಲ. ಆ ವಾರದಲ್ಲಿ ಮಾತ್ರ ಬೀರುವಿನ ಮುಂದೆ ಮಕ್ಕಳ ಗುಂಪು ಕರಗಲೇ ಇಲ್ಲ. ಇನ್ನೂ ಮೂರು ಚೀಟಿಗಳು ತಪ್ಪಾಗಿರುವುದನ್ನು ಅವರು ಕಂಡುಹಿಡಿದರು. ಗೀಜಗನ ಗೂಡೆಂದು ಬರೆದಿದ್ದುದು ಗೀಜಗನದಾಗಿರಲಿಲ್ಲ.

ಈಗ ನಮ್ಮ ಬೀರುವಿನ ಚೀಟಿಗಳನ್ನು ಬೇರೆ ಕ್ರಮದಲ್ಲಿ ಬರೆಯುತ್ತಿದ್ದೇವೆ. ಮೊದಲು ಸಿಕ್ಕಿದ ಸ್ಥಳ, ಆಮೇಲೆ ತಾರೀಖು, ಆಮೇಲೆ ತಂದವರ ಹೆಸರು. ಇಷ್ಟನ್ನು ಮಸಿಯಲ್ಲಿ ಬರೆಯುವುದು. ಪ್ರಾಣಿಯ ಹೆಸರನ್ನು ಮಾತ್ರ ಪೆನ್ಸಿಲಿನಲ್ಲಿ, ಕೊನೆಯಲ್ಲಿ. ಸ್ಥಳ ತಿಳಿಯದ ವಸ್ತುವಿಗೆ ಮಸಿಯ ಸಾಲು ಖಾಲಿಯಾಗಿಯೇ ಇರುತ್ತದೆ. ಈ ಕ್ರಮದಿಂದ ಬೆಂಕಿಪೆಟ್ಟಿಗೆಯ ಹಲ್ಲು ಮುಂದಿನ ಸಾಲಿಗೆ ಬಂದಿದೆ, ಮಖಮಲ್ಲಿನದು ಹಿಂದಿನ ಸಾಲಿಗೆ ಹೋಗಿದೆ. ಕಾಣಿಕೆ ಕೊಟ್ಟ ಹಳೆಯ ವಿದ್ಯಾರ್ಥಿನಿಯವರಿಗೆ ಪತ್ರ ಬರೆದು ತಿಳಿಸಿದಾಗ ಅವರು ಕೋಪಗೊಳ್ಳಲಿಲ್ಲ. ತಾವೂ ಅಂಚನ್ನು ಮುಟ್ಟಿ ನೋಡಿರಲಿಲ್ಲವೆಂದು ಉತ್ತರ ಬರೆದರು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ, ರಜಕ್ಕೆ ಊರಿಗೆ ಹೊರಡುವ ಬಾಲಿಕೆಯರಲ್ಲಿಯೂ ನನ್ನ ಬಿನ್ನಹವಿಷ್ಟೇ. ಶಾಲೆಗೆ ಬೆಲೆಬಾಳುವ ವಸ್ತುಗಳನ್ನು ಕೊಂಡು ತರುವುದು ಬೇಡ. ನೀವು ಹೋದ ಊರಿನ ಹೊಳೆಯ ದಡದಲ್ಲಿ, ಹೊಲದ ಬದುವಿನಲ್ಲಿ ಕಂಡ ಒಂದು ಕಲ್ಲನ್ನೋ ಚಿಪ್ಪನ್ನೋ ಹಿರಿಯರ ಅಪ್ಪಣೆ ಪಡೆದು ತನ್ನಿರಿ. ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು ಎಂಬುದನ್ನು ಅಲ್ಲಿಯೇ ನಿಂತು ಬರೆದುಕೊಳ್ಳಿರಿ. ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ಎಲ್ಲರೂ ಕೂಡಿ ನೋಡೋಣ. ಅರಿಯಲೂರಿನ ಆ ಚಿಕ್ಕ ಹಲ್ಲಿನ ಚೀಟಿಯಲ್ಲಿ ಈಗ ‘ಶಾರ್ಕ್, ಪ್ರಭೇದ ತಿಳಿಯದು, ಬೇರು ಮುರಿದಿದೆ’ ಎಂದು ಪೆನ್ಸಿಲಿನಿಂದ ಬರೆದಿದೆ. ಅಕ್ಷರಗಳು ಆ ಬಾಲಿಕೆಯವೇ. ತಿಳಿದವರು ಯಾರಾದರೂ ಮುಂದೆ ಬಂದು ಅದನ್ನು ಅಳಿಸಿ ಸರಿಯಾದ ಹೆಸರನ್ನು ಬರೆದರೆ ಆಕೆಯೂ ಸಂತೋಷಪಡುವಳು, ನಾನೂ ಸಂತೋಷಪಡುವೆನು.